ರೊಲಾಂದ್ ಬೇಡವೆಂದ ಆಶೀರ್ವಾದ

ಸಾಯುವ ಅಪ್ಪನ ಆಶೀರ್ವಾದವನ್ನು ಇಡೀ ಮನೆಗೇ ತಪ್ಪಿಸಿದವಳು ರೊಲಾಂದ್ ಗ್ರಾವೆಲ್ ಎಂದು ಕೆಬೆಕ್‌ನ ಕೆಳಪೇಟೆಯಲ್ಲಿ ಇಂದಿಗೂ ಹೇಳುವವರಿದ್ದಾರೆ. ಬೇಕರಿಯ ಸಾಲಿನಲ್ಲಿ ನಿಂತು ಹೇಳುತ್ತಾರೆ, ಚರ್ಚಿನ ಬಾಗಿಲಲ್ಲಿ ಹೇಳುತ್ತಾರೆ, ನಾನು ಹತ್ತಿರ ಹೋದರೆ ದನಿ ತಗ್ಗಿಸುತ್ತಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಇವರಲ್ಲಿ ಒಬ್ಬರಾದರೂ ಆ ದಿನ ಆ ಕೋಣೆಯಲ್ಲಿ ಇದ್ದರೇ? ಇದ್ದವಳು ನಾನು, ಹ್ಯೂಗೆತ್ ಬೆದಾರ್. ನನ್ನನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ, ನನ್ನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ.

ರೊಲಾಂದ್ ಮತ್ತು ನಾನು ಹೆಂಗಸರ ಒಳಉಡುಪು ಹೊಲಿಯುವ ಕಾರ್ಖಾನೆಯಲ್ಲಿ ಅಕ್ಕಪಕ್ಕದ ಮೆಷಿನ್ನಿನಲ್ಲಿ ಕೂತು ಕಣ್ಣು ಹಾಳುಮಾಡಿಕೊಂಡವರು. ಮನೆಯೂ ಒಂದೇ ಕಟ್ಟಡದಲ್ಲಿ. ಅವಳು ಮೇಲೆ, ನಾನು ಕೆಳಗೆ. ನನ್ನ ಗಂಡ ಸತ್ತ ಮೇಲೆ ಅವಳ ಹೆಜ್ಜೆಯ ಸದ್ದೇ ನನಗೆ ಗಡಿಯಾರ. ಅವಳು ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕಾರ್ಖಾನೆಯ ಹುಡುಗಿಯರು ಕೆಣಕಿದರೆ, "ನಾಲ್ಕು ಮಕ್ಕಳನ್ನ ಸಾಕಿದ ಮೇಲೆ ಯಾವೋಳಿಗೆ ಬೇಕು ಮದುವೆ" ಎನ್ನುತ್ತಿದ್ದಳು. ನಾಲ್ಕು ಮಕ್ಕಳೆಂದರೆ ಅವಳ ತಮ್ಮ ರೆಜಾನ್ ಮತ್ತು ಮೂವರು ತಂಗಿಯರು. ಕೊನೆಯವಳನ್ನು ಹೆತ್ತು ತಾಯಿ ಕಣ್ಣು ಮುಚ್ಚಿದಾಗ ರೊಲಾಂದ್‌ಗೆ ಹದಿನಾಲ್ಕು. ಮಾರನೆಯ ವಾರವೇ ಅಪ್ಪ ಅವಳನ್ನು ಶಾಲೆ ಬಿಡಿಸಿ ಒಲೆಯ ಮುಂದೆ ನಿಲ್ಲಿಸಿದ.

ಅಪ್ಪನ ಹೆಸರು ಓವಿಲಾ. ಗುಡ್ಡದ ಮೇಲಿನ ಹಳೇ ಕೋಟೆಗೋಡೆಯ ಒಳಗೆ, ಸೆಂತ್ ಉರ್ಸೂಲ್ ಬೀದಿಯಲ್ಲಿ, ವಕೀಲರ ಕಟ್ಟಡವೊಂದರ ಬಾಯ್ಲರ್‌ಗೆ ಕಲ್ಲಿದ್ದಲು ತುಂಬುತ್ತ, ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಸಂಸಾರ ನಡೆಸಿದವನು. ಕೆಟ್ಟ ಮನುಷ್ಯನೇನಲ್ಲ. ಕುಡಿಯಲಿಲ್ಲ, ಹೊಡೆಯಲಿಲ್ಲ. ಮಗನನ್ನು ಬಿಟ್ಟರೆ ಮಾತ್ರ ಅವನಿಗೆ ಬೇರೆ ಲೋಕವೇ ಇರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಆ ಹೆಗ್ಗಣ ಗಂಡಾಗಿದ್ದರೆ ಕೇಳಲೇಬೇಡಿ. ರೆಜಾನ್‌ಗೆ ಮದುವೆಯಾದಾಗ ಹೊಸ ಜೋಡಿಗೆ ಜಾಗ ಬೇಕೆಂದು ರೊಲಾಂದಳ ಕೋಣೆ ಬಿಡಿಸಿದರು. ಕಾರ್ಖಾನೆಗೆ ಹತ್ತಿರವಾಗುತ್ತೆ ಎಂದು ಅವಳನ್ನು ಗುಡ್ಡದ ಕೆಳಗೆ ಕಳಿಸಿದರು. ಆಮೇಲೆ ರೆಜಾನ್‌ಗೆ ನದಿಯಾಚೆಯ ಲೆವಿಯಲ್ಲಿ ಗ್ಯಾರೇಜಿರುವ ಮನೆ ಸಿಕ್ಕಿತು, ಅವನು ಹೆಂಡತಿಯನ್ನು ಕರೆದುಕೊಂಡು ಹೊರಟ. ಅಪ್ಪನ ಬಟ್ಟೆ ಒಗೆಯಲು, ವಾರಕ್ಕಾಗುವಷ್ಟು ಸೂಪು ಕುದಿಸಿಡಲು ಭಾನುವಾರ ಭಾನುವಾರ ಗುಡ್ಡ ಹತ್ತಿದವಳು ಯಾರು? ಹೇಳಬೇಕೇ?

ನಮ್ಮಲ್ಲಿ ವರ್ಷದ ಮೊದಲ ದಿನ ಬೆಳಗ್ಗೆ ಮಕ್ಕಳೆಲ್ಲ ಅಪ್ಪನ ಮುಂದೆ ಮೊಣಕಾಲೂರುತ್ತಾರೆ. ಅಪ್ಪ ತಾನಾಗಿ ಆಶೀರ್ವಾದ ಮಾಡುವ ಹಾಗಿಲ್ಲ. ಮಕ್ಕಳಲ್ಲಿ ಹಿರಿಯರು ಬಾಯಿಬಿಟ್ಟು ಬೇಡಬೇಕು, ಆಗ ಅವನು ಬಲಗೈ ಎತ್ತಬೇಕು. ಅಲ್ಲಿಯವರೆಗೆ ಮನೆಯಲ್ಲಿ ಯಾರ ಬಾಯಿಗೂ ತುತ್ತಿಲ್ಲ. ಚರ್ಚನ್ನು ಬಿಟ್ಟು ಎಷ್ಟೋ ವರ್ಷವಾದವರೂ ಇದನ್ನು ಬಿಟ್ಟಿಲ್ಲ. ಕಮ್ಯುನಿಸ್ಟನೆಂದು ಹೆಸರಾಗಿದ್ದ ನನ್ನ ಮೈದುನ ಕೂಡ ಆ ಒಂದು ದಿನ ಟೋಪಿ ತೆಗೆದು ನೆಲಕ್ಕೆ ಮೊಣಕಾಲೂರುತ್ತಿದ್ದ. ನಮ್ಮ ಮನೆಯಲ್ಲಿ ನಾನೇ ಹಿರಿಯಳು, ನಾನೇ ಬೇಡಿದ್ದೇನೆ. ಹೆಣ್ಣೆಂದು ಯಾರೂ ತಡೆಯಲಿಲ್ಲ. ಗ್ರಾವೆಲ್ ಮನೆಯಲ್ಲೂ ಮೊದಮೊದಲು ರೊಲಾಂದಳೇ ಬೇಡುತ್ತಿದ್ದಳಂತೆ. ರೆಜಾನ್‌ಗೆ ತನ್ನ ಚಡ್ಡಿಯ ಗುಂಡಿ ತಾನೇ ಹಾಕಿಕೊಳ್ಳಲು ಬಂದ ವರ್ಷ ಓವಿಲಾ ಅವನ ತೋಳು ಹಿಡಿದು ಮುಂದಕ್ಕೆ ತಂದು ನಿಲ್ಲಿಸಿ, ಇನ್ನು ಮೇಲೆ ಇವನು ಬೇಡ್ತಾನೆ ಎಂದ. ರೊಲಾಂದ್ ಹಿಂದಿನ ಸಾಲಿಗೆ ಸರಿದಳು. ಸರಿದವಳು ಸರಿದ ಹಾಗೇ ಇದ್ದಳು, ತಲೆಗೂದಲು ಬಿಳಿಯಾಗುವ ತನಕ.

ನಾನು ಹೇಳುತ್ತಿರುವ ವರ್ಷ ಓವಿಲಾಗೆ ಎಂಬತ್ತು ದಾಟಿತ್ತು. ಶರತ್ಕಾಲದಲ್ಲಿ ಪಾರ್ಶ್ವವಾಯು ಬಡಿದು ಎಡಗೈ ಬಿದ್ದುಹೋಗಿತ್ತು. ಪಾದ್ರಿ ಬಂದು ಸಾಯುವವರಿಗೆ ಹಚ್ಚುವ ಕೊನೆಯ ಎಣ್ಣೆ ಹಚ್ಚಿ ಹೋಗಿಯಾಗಿತ್ತು. ವಸಂತದಲ್ಲಿ ನದಿಯ ಮಂಜುಗಡ್ಡೆ ಒಡೆಯುವುದನ್ನು ಇವರು ನೋಡಲಾರರು ಎಂದು ಡಾಕ್ಟರು ಹೇಳಿದ್ದರು. ಇದು ಕೊನೆಯ ಹೊಸ ವರ್ಷವೆಂದು ಎಲ್ಲರಿಗೂ ಗೊತ್ತು. ಡಿಸೆಂಬರಿನ ಕೊನೆಯ ದಿನ ಸಂಜೆ ರೊಲಾಂದ್ ನನ್ನ ಅಡಿಗೆಮನೆಯಲ್ಲಿ ಕೂತು, ಕೊಚ್ಚಿದ ಹಂದಿಮಾಂಸ ತುಂಬಿದ ತೂರ್ತಿಯೇರ್‌ಗೆ ಮುಚ್ಚಳದ ಹಿಟ್ಟು ಒತ್ತುತ್ತ, ತಲೆ ಎತ್ತದೆ ಹೇಳಿದಳು.

"ಈ ಸಲ ನಾನು ಬೇಡ್ತೀನಿ ಕಣೇ."

"ರೆಜಾನ್ ಬಿಡ್ತಾನಾ?" ಎಂದೆ.

"ಅವನನ್ನ ಕೇಳೋದೇನಿದೆ. ಹಿರಿಯಳು ನಾನು. ಸಾಯೋಕೆ ಮುಂಚೆ ಅಪ್ಪ ಒಂದ್ಸಲ ನನ್ನ ಮುಖ ನೋಡಿ ಕೈ ಎತ್ತಲಿ. ಅಷ್ಟೇ ಸಾಕು ನಂಗೆ."

ಅವಳು ತನಗೆಂದು ಏನನ್ನಾದರೂ ಬೇಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೊಸ ಕೋಟು ಕೊಳ್ಳುವಾಗಲೂ ಅಂಗಡಿಯವನಿಗೆ, ಯಾವುದಾದ್ರೂ ಕೊಡಿ, ಬೆಚ್ಚಗಿದ್ರೆ ಆಯ್ತು ಅನ್ನುವವಳು.

ಬೆಳಗಾದರೆ ಹೊರಗೆ ಬೀದಿಯೇ ಇಲ್ಲ. ಈಶಾನ್ಯದ ಗಾಳಿ ನದಿಯ ಮೇಲಿಂದ ಹಿಮವನ್ನು ಬಾಚಿ ಬಾಚಿ ತಂದು ಎಸೆಯುತ್ತಿತ್ತು. ಬಸ್ಸಿಲ್ಲ, ಟ್ಯಾಕ್ಸಿಯವನು ಫೋನೇ ಎತ್ತಲಿಲ್ಲ. ನಮ್ಮ ಹೊರಮೆಟ್ಟಿಲು ಎಲ್ಲಿ ಮುಗಿಯುತ್ತೆ, ನೆಲ ಎಲ್ಲಿ ಶುರುವಾಗುತ್ತೆ ಎಂದು ಕಾಲಿಟ್ಟೇ ತಿಳಿಯಬೇಕು. ಗಾಳಿ ಇಳಿಯಲಿ, ಮಧ್ಯಾಹ್ನ ಹೋಗೋಣ ಎಂದೆ. ಮಧ್ಯಾಹ್ನದವರೆಗೆ ಆ ಮುದುಕ ಹಸಿದು ಕೂತಿರ್ತಾನೆ, ಆಶೀರ್ವಾದ ಆಗದೆ ಒಂದು ಚಮಚ ಕಾಫಿಯನ್ನೂ ಬಾಯಿಗೆ ಬಿಡಲ್ಲ ಎಂದು ಅವಳು ತೂರ್ತಿಯೇರನ್ನು ಪತ್ರಿಕೆಯಲ್ಲಿ ಸುತ್ತಿ ಕೋಟಿನ ಒಳಗೆ ಹೊಟ್ಟೆಗೆ ಕಟ್ಟಿಕೊಂಡಳು. ಅವಳೊಬ್ಬಳನ್ನೇ ಕಳಿಸಲು ನನಗೇನು ಹುಚ್ಚೇ? ನಾನೂ ಬೂಟು ಹಾಕಿಕೊಂಡೆ.

ಗುಡ್ಡದ ಕಬ್ಬಿಣದ ಮೆಟ್ಟಿಲನ್ನು ಕಂಬಿ ಹಿಡಿದು, ಬಗ್ಗಿ, ಒಬ್ಬರನ್ನೊಬ್ಬರು ದೂಡಿಕೊಂಡು ಹತ್ತಿದೆವು. ಮೇಲೆ ಬಂದ ಮೇಲೆ ಗಾಳಿ ಕೆನ್ನೆಗೆ ಉಪ್ಪುಕಾಗದ ಉಜ್ಜಿದ ಹಾಗಿತ್ತು. ರೆಪ್ಪೆಗೆ ರೆಪ್ಪೆ ಅಂಟುತ್ತಿತ್ತು. ಕೋಟೆಯ ಸೆಂತ್ ಜಾನ್ ಬಾಗಿಲ ಕಮಾನಿನ ಕೆಳಗೆ ಉಸಿರಾಡಲು ನಿಂತರೆ, ಅಲ್ಲಿ ಹೋಟೆಲಿನಿಂದ ಎದ್ದು ಬಂದ ಪ್ರವಾಸಿ ಜೋಡಿ. ಇಬ್ಬರಿಗೂ ಒಂದೇ ಥರದ ಹೊಚ್ಚ ಹೊಸ ಕೆಂಪು ಟೋಪಿ. ಬಿರುಗಾಳಿಗೆ ಬಾಯ್ತೆರೆದು ನಗುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಗಂಡ ಕ್ಯಾಮೆರಾ ಹಿಡಿದು ಇಂಗ್ಲಿಷಿನಲ್ಲಿ ಏನೋ ಕೇಳಿದ. ನಾವು ಹಾಗೇ ಕಮಾನಿನ ಕೆಳಗೆ ಬಗ್ಗಿ ನಿಂತಿರಬೇಕಂತೆ, ಚಿತ್ರ ಚೆನ್ನಾಗಿ ಬರುತ್ತಂತೆ. ನಮ್ಮ ಊರಿನಲ್ಲಿ ಬೈಗುಳವೆಂದರೆ ಚರ್ಚಿನ ಪೂಜಾಪೀಠದ ಮೇಲಿನ ಸಾಮಾನುಗಳ ಹೆಸರೇ. ಬಟ್ಟಲು, ಪೆಟ್ಟಿಗೆ, ರೊಟ್ಟಿ ಒಂದನ್ನೂ ಬಿಡದೆ ಆ ಪೀಠವನ್ನು ಪೂರ್ತಿ ಖಾಲಿ ಮಾಡಿದೆ. ಅವನಿಗೇನು ತಿಳಿಯಬೇಕು, ಥ್ಯಾಂಕ್ಯೂ ಎಂದು ಕೈ ಬೀಸಿದ. ರೊಲಾಂದ್‌ಗೆ ನಗು ತಡೆಯಲಾಗಲಿಲ್ಲ. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ಒಳಗೆ ಹೋದರೆ ಓವಿಲಾ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಸೂಟು ಹಾಕಿ ಟೈ ಕಟ್ಟಿ ಕೂತಿದ್ದ. ದಿನಾ ಬಂದು ನೋಡಿಕೊಂಡು ಹೋಗುವ ಕೆಳಮಹಡಿಯ ಹೆಂಗಸು ಬೆಳಗ್ಗೆಯೇ ಅವನನ್ನು ಸಿದ್ಧ ಮಾಡಿದ್ದಳು. ಕೆನ್ನೆ ನುಣ್ಣಗೆ ಬೋಳಿಸಿತ್ತು, ಎಡಗೈಯನ್ನು ತೊಡೆಯ ಮೇಲೆ ಇಟ್ಟಿತ್ತು. ಮಗಳ ಹುಬ್ಬಿನ ಮೇಲೆ ಹಿಮ ಗಟ್ಟಿಯಾಗಿತ್ತು, ಅವಳ ಬಾಯಿ ಮರಗಟ್ಟಿ ಮಾತು ತೊದಲುತ್ತಿತ್ತು. ಅವನು ಅವಳ ಹೆಗಲಿನಾಚೆ ಬಾಗಿಲನ್ನು ನೋಡಿ, "ರೆಜಾನ್ ಎಲ್ಲಿ?" ಎಂದ.

ಬಂದ ಮಗಳಿಗೆ ಕೂತ್ಕೋ ಅನ್ನಲಿಲ್ಲ, ಸ್ವಾಮಿ. ಹೇಗೆ ಬಂದೆ ಅನ್ನಲಿಲ್ಲ.

ರೊಲಾಂದ್ ಕೋಟು ಬಿಚ್ಚಿದಳು, ತೂರ್ತಿಯೇರನ್ನು ಮೇಜಿನ ಮೇಲಿಟ್ಟಳು, ಕೂದಲು ಸರಿಮಾಡಿಕೊಂಡಳು. ಒದ್ದೆ ಕಾಲುಚೀಲದಲ್ಲೇ ಬಂದು ಅವನ ಮುಂದೆ ಮೊಣಕಾಲೂರಿದಳು. ಅವಳ ಮೊಣಕಾಲಿಗೆ ಸಂಧಿವಾತ, ಊರುವಾಗ ಕುರ್ಚಿಯ ಕೈ ಹಿಡಿಯಬೇಕಾಯಿತು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಬೇಡುವವಳು ನಾನೇ ಏನೋ ಎನ್ನುವ ಹಾಗೆ ನಾನೂ ಕೈ ಜೋಡಿಸಿದ್ದೆ.

"ಅಪ್ಪಾ, ಕಳೆದ ವರ್ಷ ನಿಮ್ಮ ಮನಸ್ಸು ನೋಯಿಸಿದ್ದಕ್ಕೆ..." ಎಂದು ಅವಳು ಶುರು ಮಾಡಿದಳು.

ಮುದುಕ ಬಲಗೈ ಎತ್ತಿದ. ಆಶೀರ್ವಾದಕ್ಕಲ್ಲ, ತಡೆಯಲು.

"ತಡಿ. ರೆಜಾನ್ ಬರ್ಲಿ."

ಅವಳು ಮೊಣಕಾಲಿನ ಮೇಲೆಯೇ ಇದ್ದಳು. ನನ್ನ ಮೈಯೆಲ್ಲ ಉರಿದುಹೋಯಿತು. ಹೊರಗೆ ಬೀದಿಯ ಆಚೆ ಬದಿ ಕಾಣುತ್ತಿಲ್ಲ, ಲೆವಿಯ ದೋಣಿ ನಿಂತಿದೆ, ಸೇತುವೆ ಮುಚ್ಚಿದ್ದಾರೆಂದು ಬೆಳಗ್ಗೆಯಿಂದ ರೇಡಿಯೋ ಬಡಿದುಕೊಳ್ಳುತ್ತಿದೆ, ಇವನು ರೆಜಾನ್ ಬರಲಿ ಅನ್ನುತ್ತಾನೆ. ನಾನು ರೇಡಿಯೋದ ಮಾತನ್ನು ಹೇಳಿದೆ. ನನ್ನ ಮಗ ನಡ್ಕೊಂಡಾದ್ರೂ ಬರ್ತಾನೆ ಎಂದ. ನಡೆದುಕೊಂಡು ಬಂದವಳು ಅವನ ಕಾಲ ಬುಡದಲ್ಲೇ ಇದ್ದಳು. ಆಮೇಲೆ ಎದ್ದು ಹೋಗಿ ಒಲೆಗೆ ಬೆಂಕಿ ಹಾಕಿ ತೂರ್ತಿಯೇರನ್ನು ಬಿಸಿಗಿಟ್ಟಳು.

ಬಹಳ ಹೊತ್ತು ಕಾದೆವು. ಮಾಂಸದ, ಲವಂಗದ ವಾಸನೆ ಕೋಣೆ ತುಂಬಿತು. ಮೂವರ ಹೊಟ್ಟೆಯೂ ಮಾತಾಡುತ್ತಿತ್ತು, ಬಾಯಿ ಮಾತ್ರ ಇಲ್ಲ. ಕೊನೆಗೆ ಫೋನು ಬಡಿಯಿತು. ರೊಲಾಂದ್ ಎತ್ತಿದಳು. ರೆಜಾನ್‌ದು ಹುಟ್ಟಾ ದೊಡ್ಡ ಗಂಟಲು, ಅವನಂದದ್ದೆಲ್ಲ ನಿಂತಲ್ಲೇ ನನಗೆ ಕೇಳಿಸಿತು. ತಂಗಿಯರೆಲ್ಲ ನಿನ್ನೆಯೇ ಅವನ ಮನೆಗೆ ಬಂದಿದ್ದಾರಂತೆ, ಯಾರೂ ಹೊರಡುವ ಹಾಗಿಲ್ಲವಂತೆ. ಅಪ್ಪನಿಗೆ ಕೊಡು, ಫೋನಲ್ಲೇ ಬೇಡಿಕೊಳ್ತೀವಿ, ಎಲ್ಲರೂ ಮೊಣಕಾಲೂರಿದ್ದೀವಿ ಎಂದ. ಹಿನ್ನೆಲೆಯಲ್ಲಿ ಯಾರೋ ಗ್ಲಾಸು ತಗುಲಿಸಿದ ಸದ್ದು, ನಗು. ಗ್ಲಾಸು ಹಿಡಿದು ಮೊಣಕಾಲೂರುವುದು ಲೆವಿಯ ಪದ್ಧತಿ ಇರಬೇಕು.

ಓವಿಲಾನ ಮುಖ ಅರಳಿತು. ಅವನಿಗಿದ್ದದ್ದು ಒಂದೇ ಕೈ. ಆ ಕೈಯಲ್ಲಿ ಆಶೀರ್ವಾದ ಮಾಡಬೇಕು. ಹಾಗಾದರೆ ಫೋನು ಹಿಡಿಯುವವರು ಯಾರು? "ರೊಲಾಂದ್, ಕಿವಿಗೆ ಹಿಡಿ" ಎಂದ. ಮನೆಗೆ ಬಂದ ಕೂಲಿಯವಳಿಗೆ ಹೇಳುವ ಹಾಗೆ. ಅವಳು ಹಿಡಿದಳು. ಹೌದು, ಹಿಡಿದಳು. ಊರಿನವರು ಈ ಭಾಗವನ್ನು ಹೇಳುವುದೇ ಇಲ್ಲ. ತಾನು ಬೇಡಬೇಕೆಂದು ಹಿಮ ತುಳಿದುಕೊಂಡು ಬಂದವಳು, ತಮ್ಮ ಬೇಡಲೆಂದು ಅಪ್ಪನ ಕಿವಿಗೆ ಫೋನು ಹಿಡಿದು ನಿಂತಳು.

ಗ್ರಾವೆಲ್ ಮನೆಯಲ್ಲಿ ಬೇಡುವ ಮಾತು ಸ್ವಲ್ಪ ಉದ್ದ, ಅವರ ಮುತ್ತಜ್ಜನ ಕಾಲದ್ದು. ರೆಜಾನ್ ಗಟ್ಟಿಯಾಗಿ ಎರಡು ಪದ ಹೇಳಿದ, ಕೆಮ್ಮಿದ, ನಿಂತ. ಮರೆತಿದ್ದ. ಪ್ರತಿ ವರ್ಷ ಮರೆಯುತ್ತಿದ್ದನಂತೆ, ಪ್ರತಿ ವರ್ಷ ಹಿಂದೆ ಮೊಣಕಾಲೂರಿದ ಅಕ್ಕ ಪಿಸುಮಾತಿನಲ್ಲಿ ಹೇಳಿಕೊಡುತ್ತಿದ್ದಳಂತೆ. ಐವತ್ತರ ಹತ್ತಿರ ಬಂದ ಗಂಡಸು, ವರ್ಷಕ್ಕೆ ಒಂದು ಸಲ ಹೇಳುವ ಮಾತನ್ನು ಕಲಿಯದೆ ಬದುಕಿದ್ದ, ಯಾಕೆಂದರೆ ಕಲಿತವಳು ಬೆನ್ನ ಹಿಂದೆ ಇದ್ದಳು. "ಅಕ್ಕಾ, ಆಮೇಲೇನೇ?" ಎಂದ ಫೋನಿನಲ್ಲಿ.

ಅವಳು ಫೋನನ್ನು ಅಪ್ಪನ ಕಿವಿಗೆ ಹಿಡಿದೇ ಇದ್ದಳು.

"ಹೇಳ್ಕೊಡು ಅವನಿಗೆ" ಎಂದ ಓವಿಲಾ. ಕೈ ಆಗಲೇ ಎತ್ತಿ ಹಿಡಿದಿದ್ದ.

"ಇಲ್ಲ ಅಪ್ಪ" ಎಂದಳು ರೊಲಾಂದ್. "ಬೇಡೋದು ಅವನು. ಮಾತೂ ಅವನೇ ತರ್ಲಿ."

ಆ ಕಡೆಯಿಂದ ರೆಜಾನ್ ಏನೇನೋ ಅಂದ. ಹೊಟ್ಟೆಕಿಚ್ಚಿನವಳು ಎಂದ, ಇವತ್ತಿನ ದಿನವೂ ಜಗಳ ಬೇಕಾ ಎಂದ, ತಂಗಿಯರಲ್ಲಿ ಒಬ್ಬಳು ಅಳುವ ಸದ್ದೂ ಬಂತು. ಆಮೇಲೆ ಅವನೇ ಫೋನು ಇಟ್ಟ. ಮತ್ತೆ ಮಾಡಲಿಲ್ಲ. ಇದನ್ನು ಬರೆದಿಟ್ಟುಕೊಳ್ಳಿ: ಇಟ್ಟವನು ಅವನು, ಮತ್ತೆ ಮಾಡದವನು ಅವನು. "ಅಪ್ಪ, ಆಶೀರ್ವಾದ ಮಾಡಿ" ಅಂದಿದ್ದರೂ ಮುದುಕ ಮಾಡುತ್ತಿದ್ದ. ಅಷ್ಟು ಸಣ್ಣ ಮಾತು ಬಾಯಿಗೆ ಬಾರದವನಿಗೆ ಕೋಪ ಮಾತ್ರ ಸರಾಗವಾಗಿ ಬಂತು.

ಓವಿಲಾ ಕೈ ಇಳಿಸಿ ಕಿಟಕಿಯ ಕಡೆ ತಿರುಗಿದ. ಕಣ್ಣಲ್ಲಿ ನೀರಿತ್ತು, ಇರಲಿಲ್ಲ ಅನ್ನಲಾರೆ. ನನಗೂ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಬಹಳ ಹೊತ್ತಾದ ಮೇಲೆ ಅವನು ಮಗಳ ಕಡೆ ನೋಡದೆ ನಿಟ್ಟುಸಿರಿಟ್ಟ.

"ಬೇರೆ ಯಾರೂ ಇಲ್ವಲ್ಲ. ಸರಿ, ನೀನೇ ಬೇಡು."

ಬೇಡೇ ತಾಯಿ, ಬೇಡಿಬಿಡು ಎಂದು ನಾನು ಮನಸ್ಸಿನಲ್ಲಿ ಅವಳನ್ನು ದೂಡುತ್ತಿದ್ದೆ. ಹೇಗೆ ಬಂದರೇನು, ಬಂತಲ್ಲ. ಅವಳು ಕುರ್ಚಿಯ ಹತ್ತಿರ ಹೋದಳು. ಕೈ ಕುರ್ಚಿಯ ಮೇಲಿಟ್ಟಳು. ಆದರೆ ಮೊಣಕಾಲು ಬಾಗಲಿಲ್ಲ.

"ಬೇರೆ ಯಾರೂ ಇಲ್ಲ ಅಂತ ನಾನು ಬೇಡಲ್ಲ ಅಪ್ಪ. ನೀನು ಹಿರಿ ಮಗಳು, ಅದಕ್ಕೆ ಬೇಡು ಅನ್ನಿ. ಈಗ್ಲೇ ಮಂಡಿ ಊರ್ತೀನಿ."

ಎಷ್ಟು ದೊಡ್ಡ ಮಾತು ಅದು? ಆಸ್ತಿ ಕೇಳಿದಳೇ, ಒಡವೆ ಕೇಳಿದಳೇ? ಇರುವುದನ್ನು ಇದೆ ಅನ್ನಿ ಎಂದಳು. ಓವಿಲಾನ ದವಡೆ ಅಲುಗಾಡಿತು. ಅಂದೇಬಿಡುತ್ತಾನೆ ಎಂದುಕೊಂಡೆ. ಅವನು ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡ, ಅಷ್ಟೇ. ರೊಲಾಂದ್ ಹೋಗಿ ಒಲೆಯಿಂದ ತೂರ್ತಿಯೇರ್ ತೆಗೆದು ಕೊಯ್ದು, ತುಂಡು ಮಾಡಿ, ಅವನ ಕೊರಳಿಗೆ ಕರವಸ್ತ್ರ ಕಟ್ಟಿ ತಿನ್ನಿಸಿದಳು. ಆಶೀರ್ವಾದವಾಗದ ಹೊಸ ವರ್ಷದ ಅನ್ನವನ್ನು ಆ ಮನೆಯಲ್ಲಿ ಮೊದಲ ಸಲ ತಿಂದರು. ಅವನು ಪೂರ್ತಿ ತಿಂದ, ಇನ್ನೂ ಸ್ವಲ್ಪ ಹಾಕು ಅಂದ.

ಹೊರಡುವ ಹೊತ್ತಿಗೆ ಗಾಳಿ ಇನ್ನೂ ಹಾಗೇ ಇತ್ತು. ಕೆಳಗೆ ಬಾಗಿಲಿಗೆ ಒತ್ತಿಕೊಂಡ ಹಿಮವನ್ನು ಸರಿಸುತ್ತೇನೆಂದು ರೊಲಾಂದ್ ಸಲಿಕೆ ಹಿಡಿದು ಮೊದಲು ಇಳಿದಳು. ನಾನು ಕೊರಳಪಟ್ಟಿ ಸುತ್ತಿಕೊಳ್ಳುತ್ತಿದ್ದೆ. ಓವಿಲಾ ನನ್ನನ್ನು ಕರೆದ.

"ಹ್ಯೂಗೆತ್, ಅವಳು ನನ್ನ ಹಿರಿ ಮಗಳು. ಅವಳಿಲ್ದಿದ್ರೆ ಈ ಮನೆ ಯಾವತ್ತೋ ಮುಳುಗಿಹೋಗ್ತಿತ್ತು."

ನಾನು ತಿರುಗಿ ನಿಂತೆ. "ನಂಗ್ಯಾಕೆ ಹೇಳ್ತೀರಿ? ಅವಳಿಗೆ ಹೇಳಿ."

"ಅವಳಿಗೆ ಗೊತ್ತು."

"ಗೊತ್ತಿಲ್ಲ. ಗೊತ್ತಿದ್ರೆ ಈ ಹಾಳು ಗಾಳೀಲಿ ಹೊಟ್ಟೆಗೆ ತೂರ್ತಿಯೇರ್ ಕಟ್ಕೊಂಡು ಬರ್ತಿದ್ಲಾ?"

ಮೆಟ್ಟಿಲ ಕಟಕಟೆಯಿಂದ ಬಗ್ಗಿ ರೊಲಾಂದಳನ್ನು ಮೇಲಕ್ಕೆ ಕೂಗಿದೆ. ಅಪ್ಪ ಕರೀತಿದ್ದಾರೆ ಬಾ ಎಂದೆ. ಅವಳು ಸಲಿಕೆ ಹಿಡಿದುಕೊಂಡೇ ಮೂರು ಮಹಡಿ ಹತ್ತಿ ಬಂದು ಬಾಗಿಲಲ್ಲಿ ನಿಂತಳು. ಏದುಸಿರು, ಮುಖ ಕೆಂಪು. ಏನಪ್ಪಾ ಎಂದಳು. ಓವಿಲಾ ಅವಳನ್ನು ನೋಡಿದ. ನಿಜವಾಗಿ ನೋಡಿದ, ಮುಖಕ್ಕೆ ಮುಖ ಕೊಟ್ಟು. ಬಾಯಿ ತೆರೆದ.

"ಮೆಟ್ಟಿಲು ಜಾರುತ್ತೆ" ಎಂದ. "ಕಂಬಿ ಹಿಡ್ಕೊಂಡು ಇಳಿ."

ಹಿಂದಿರುಗುವಾಗ, ಕೋಟೆಬಾಗಿಲು ದಾಟಿದ ಮೇಲೆ, ಗಾಳಿಗೆ ಬೆನ್ನು ಕೊಟ್ಟು ನಿಂತು, ಅವನು ನನಗೆ ಹೇಳಿದ್ದನ್ನು ಅವಳಿಗೆ ಹೇಳಿದೆ. ಒಂದಕ್ಷರ ಕೂಡಿಸಲಿಲ್ಲ, ಕಳೆಯಲಿಲ್ಲ. ಇನ್ನೊಂದ್ಸಲ ಹೇಳು ಎಂದಳು. ಹೇಳಿದೆ. "ನಿಂಗೆ ಹೇಳಿದ್ರು" ಎಂದು ಮುಂದೆ ನಡೆದಳು. ಗುಡ್ಡ ಇಳಿಯುವಾಗ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅದರ ಗುರುತು ವಾರವಿಡೀ ಇತ್ತು.

ಫೆಬ್ರವರಿಯಲ್ಲಿ ಓವಿಲಾ ಹೋದ. ಹೆಣವನ್ನಿಟ್ಟ ಮನೆಯಲ್ಲಿ, ಬಂಧುಬಳಗ, ಕಾರ್ಖಾನೆಯವರು, ಪಾದ್ರಿ ಎಲ್ಲರ ಎದುರಿಗೆ ರೆಜಾನ್ ಪೆಟ್ಟಿಗೆಯ ಮೇಲೆ ಬಿದ್ದು ಅತ್ತ. ಅತ್ತು ಎದ್ದು ಅಕ್ಕನ ಕಡೆ ಬೆರಳು ತೋರಿಸಿದ. ನಿನ್ನ ಹಟಕ್ಕೆ ನಮಗ್ಯಾರಿಗೂ ಅಪ್ಪನ ಕೊನೆಯ ಆಶೀರ್ವಾದ ಸಿಗಲಿಲ್ಲ, ಅಪ್ಪ ನೊಂದು ಸತ್ತರು ಎಂದ. ತಂಗಿಯರು, ಅವಳ ಕೈತುತ್ತು ಉಂಡು ಬೆಳೆದವರು, ನೆಲ ನೋಡುತ್ತ ನಿಂತರು. ರೊಲಾಂದ್ ಕಪ್ಪು ಕೈಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದಳು. ನನ್ನಿಂದ ತಡೆಯಲಾಗಲಿಲ್ಲ. ಆ ದಿನ ನಡೆದದ್ದನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಹೇಳಿದೆ. ಫೋನು ಯಾರು ಇಟ್ಟರು ಎಂದು ಹೇಳಿದೆ. ಅವಳು ನನ್ನ ಹಿರಿ ಮಗಳು, ಅವಳಿಲ್ಲದಿದ್ದರೆ ಮನೆ ಮುಳುಗುತ್ತಿತ್ತು ಎಂದು ನಿಮ್ಮಪ್ಪ ತನ್ನ ಬಾಯಾರೆ ಅಂದ ಎಂದೂ ಹೇಳಿದೆ.

ಪಾದ್ರಿ ಕೂಡ ತಲೆ ಎತ್ತಿದರು. ರೆಜಾನ್ ನನ್ನನ್ನು ಬಿಟ್ಟು ಅಕ್ಕನ ಕಡೆ ತಿರುಗಿದ.

"ಹೌದಾ ಅಕ್ಕ? ಅಪ್ಪ ನಿನ್ನ ಹತ್ರ ಹಾಗಂದ್ರಾ?"

ಅವನ ದನಿಯಲ್ಲಿ ಆಗ ಜಗಳವಿರಲಿಲ್ಲ, ಅದನ್ನು ಒಪ್ಪುತ್ತೇನೆ. ಹೌದು ಅಂದಿದ್ದರೆ ನಂಬುತ್ತಿದ್ದ. ತಂಗಿಯರು ಬಂದು ತಬ್ಬಿಕೊಳ್ಳುತ್ತಿದ್ದರು. ಊರಿನ ಬಾಯಿ ಅವತ್ತೇ ಮುಚ್ಚುತ್ತಿತ್ತು. ಒಂದು "ಹೂಂ" ಸಾಕಿತ್ತು. ನಾನು ಅವಳ ಮೊಣಕೈ ಹಿಂಡಿದೆ, ಹೂಂ ಅನ್ನೇ, ನಿನ್ನ ದಮ್ಮಯ್ಯ ಅಂತ.

ರೊಲಾಂದ್ ಪೆಟ್ಟಿಗೆಯೊಳಗಿನ ಅಪ್ಪನ ಮುಖ ನೋಡಿದಳು, ಆಮೇಲೆ ತಮ್ಮನನ್ನು.

"ಇಲ್ಲ" ಎಂದಳು. "ನನ್ನ ಹತ್ರ ಅನ್ನಲಿಲ್ಲ."